ಕರಿ ಟೊಪ್ಪಿಗೆಯ ಕಾಯದೆ

ನಮ್ಮೂರಿನ ಗಂಡಸರ ತಲೆ ಬರಿದಾಗಿ ಇರುತ್ತಿದ್ದುದೇ ಕಡಿಮೆ. ಕೂಸಾಗಿದ್ದಾಗ ಕುಂಚಿಗೆ, ಮೀಸೆ ಚಿಗುರಿದ ಮೇಲೆ ರುಮಾಲು. ನಡುವಿನ ಏಳೆಂಟು ವರ್ಷ ಮಾತ್ರ ಹುಡುಗರ ತಲೆಗೆ ಒಂದಿಷ್ಟು ಗಾಳಿ ಆಡುತ್ತಿತ್ತು. ಅದನ್ನೂ ಆಡಗೊಡಬಾರದೆಂದು ಪಣ ತೊಟ್ಟವರಂತೆ ನಮ್ಮ ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು.

ಮೂಡಲಗಿಯಿಂದ ಎರಡು ಹರದಾರಿ ದೂರದ ಊರು ನಮ್ಮದು. ಆಗಿನ್ನೂ ನಮ್ಮ ಸೀಮೆ ಮುಂಬಯಿ ಇಲಾಖೆಯಲ್ಲಿತ್ತು, ರಾಜ್ಯಭಾರ ಇಂಗ್ಲಿಷರದು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಇಡೀ ಶಾಲೆಯಲ್ಲಿ ಹೆಣ್ಣುಮಕ್ಕಳೆಂದರೆ ನಾವು ನಾಲ್ಕೇ ಜನ. ಗೋಡೆಗೆ ಅಂಟಿಕೊಂಡ ಹಲ್ಲಿಗಳ ಹಾಗೆ ಒಂದು ಬದಿಗೆ ಸಾಲಾಗಿ ಕೂರುತ್ತಿದ್ದೆವು.

ಹೆಡ್‌ಮಾಸ್ತರರು ಸಣಕಲು ಮನುಷ್ಯ. ಎಂಥ ಬೇಸಗೆಯಲ್ಲೂ ಮೊಣಕಾಲಿನವರೆಗೆ ಇಳಿಬಿದ್ದ ಕೋಟು ತೆಗೆಯುತ್ತಿರಲಿಲ್ಲ. ಅವರ ಕರಿ ಟೊಪ್ಪಿಗೆ ತಲೆಗೆ ಎಷ್ಟು ಬಿಗಿಯಾಗಿ ಕೂತಿತ್ತೆಂದರೆ, ಅವರು ಅದನ್ನು ಹಾಕಿಕೊಂಡೇ ಹುಟ್ಟಿರಬೇಕೆಂದು ನಮ್ಮ ನಂಬಿಕೆ. ಬಂದ ಎರಡನೆಯ ದಿನವೇ ಹಲಗೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ ಮೂರು ಕಾಯದೆ ಬರೆದರು. ಗಂಡುಮಕ್ಕಳೆಲ್ಲ ಕರಿ ಟೊಪ್ಪಿಗೆ ಇಟ್ಟುಕೊಂಡೇ ವರ್ಗದೊಳಗೆ ಬರತಕ್ಕದ್ದು. ಅಂಗಿಗೆ ಗುಂಡಿಗಳು ಇರತಕ್ಕದ್ದು. ಹೆಣ್ಣುಮಕ್ಕಳು ಸಪ್ಪಳವಾಗುವ ಕಾಲ್ಗೆಜ್ಜೆ ಹಾಕಿಕೊಂಡು ಬರಕೂಡದು.

ಗುಂಡಿಯ ಕಾಯದೆ ಸಲೀಸಾಗಿ ನಡೆಯಿತು. ಹುಡುಗರು ಜಾಲಿಮುಳ್ಳು ಮುರಿದು ಅಂಗಿಗೆ ಚುಚ್ಚಿಕೊಂಡು ಬಂದರು. ಓಡಿ ಬಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದೊಂದು ನಿಂತುಹೋಯಿತು, ಅಷ್ಟೆ. ಗೆಜ್ಜೆಯ ಕಾಯದೆ ನನಗೆ ಫಜೀತಿ ತಂದಿತು. ನನ್ನ ಗೆಜ್ಜೆಗಳನ್ನು ಎರಡು ವರ್ಷದ ಹಿಂದೆ ತೊಡಿಸಿದ್ದರು. ಕಾಲು ಬೆಳೆದಿತ್ತು, ಗೆಜ್ಜೆ ಬೆಳೆದಿರಲಿಲ್ಲ. ಎಣ್ಣೆ ಹಚ್ಚಿ ಎಳೆದರೂ ಹೊರಬರಲಿಲ್ಲ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಹಳೆಯ ಸೀರೆ ಹರಿದು ಎರಡೂ ಕಾಲಿಗೆ ಗೆಜ್ಜೆ ಮುಚ್ಚುವಂತೆ ಸುತ್ತಿ ಕಳಿಸಿದಳು. ಕುಂಟುಕೋಳಿಯ ಹಾಗೆ ನಡೆಯುತ್ತ ಹೋದ ನನ್ನನ್ನು ಹೆಡ್‌ಮಾಸ್ತರರು ಬಾಗಿಲಲ್ಲೇ ತಡೆದರು.

"ಕಾಲಿಗೆ ಏನ ಆಗೇತಿ?"

"ಕಾಯದೆ ಆಗೇತ್ರಿ," ಎಂದೆ ನಾನು.

ಅವರು ಹಾಜರಿ ಪುಸ್ತಕವನ್ನು ಮೂಗಿನವರೆಗೆ ಎತ್ತಿ ಹಿಡಿದುಕೊಂಡು ಬಹಳ ಹೊತ್ತು ಓದಿದರು. ಪುಸ್ತಕ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಆದರೆ ಟೊಪ್ಪಿಗೆಯ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. ಟೊಪ್ಪಿಗೆ ಇಲ್ಲದವನು ಹೊರಗಿನ ಕಟ್ಟೆಯ ಮೇಲೆ ನಿಲ್ಲಬೇಕು, ನಿಂತಲ್ಲಿಂದಲೇ ಪಾಠ ಕೇಳಬೇಕು. ಮೊದಲ ವಾರ ವರ್ಗದೊಳಗಿದ್ದವರಿಗಿಂತ ಕಟ್ಟೆಯ ಮೇಲೆ ನಿಂತವರೇ ಹೆಚ್ಚು. ನನ್ನ ಕಾಕಾನ ಮಗನಂತೂ ಅಲ್ಲೇ ಬೇರು ಬಿಟ್ಟ. ಅವನ ತಲೆ ಒಳ್ಳೆಯ ಕುಂಬಳಕಾಯಿಯಷ್ಟು ದೊಡ್ಡದು. ಗೋಕಾಕದ ಸಂತೆಯಲ್ಲಿದ್ದ ಟೊಪ್ಪಿಗೆಗಳೆಲ್ಲ ಅವನ ನೆತ್ತಿಯ ಮೇಲೆ ಬಟ್ಟಲು ಕವುಚಿದಂತೆ ಕೂತು, ತಲೆ ಆಡಿಸಿದರೆ ಕೆಳಗೆ ಬೀಳುತ್ತಿದ್ದವು.

ಹೀಗೇ ಕುಂಟುತ್ತ ನಡೆದಿರುವಾಗ, ಹೋಳಿಹುಣ್ಣಿವೆ ಮುಗಿದ ಮೇಲೆ ದಿಪೋಟಿ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಶಾಲೆಗಳ ತಪಾಸಣೆ ಮಾಡುವ ಅಧಿಕಾರಿಯನ್ನು ನಾವು ಹಾಗೆ ಕರೆಯುತ್ತಿದ್ದೆವು. ಆ ದಿನ ಒಂದೇ ಒಂದು ಬರಿದಲೆಯೂ ಕಾಣಬಾರದೆಂದು ಹೆಡ್‌ಮಾಸ್ತರರು ನಿಶ್ಚಯಿಸಿದರು. ಗೋಕಾಕಕ್ಕೆ ಆಳು ಕಳಿಸಿದರೆ ಕರಿ ಬಟ್ಟೆ ಖಾಲಿಯಾಗಿತ್ತು. ಸುತ್ತಲಿನ ಊರಿನ ಮಾಸ್ತರರಿಗೂ ಅದೇ ಗಾಬರಿ ಹಿಡಿದಿತ್ತೇನೋ. ನಮ್ಮೂರ ಸಿಂಪಿಗನ ಹತ್ತಿರ ಕೈಮಗ್ಗದ ದಪ್ಪ ಬಿಳಿ ಬಟ್ಟೆಯಿತ್ತು. ಅವನು ಅದರಲ್ಲೇ ಇಪ್ಪತ್ತು ಟೊಪ್ಪಿಗೆ ಹೊಲಿದು ತಂದುಕೊಟ್ಟ. ಕಾಕಾನ ಮಗನ ತಲೆಯನ್ನು ಹಗ್ಗದಿಂದ ಅಳೆದುಕೊಂಡು ಹೋಗಿ ಅವನಿಗೂ ಒಂದು ಮಾಡಿದ್ದ.

ಅವನ್ನು ಕಂಡದ್ದೇ ಹೆಡ್‌ಮಾಸ್ತರರ ಮುಖ ಟೊಪ್ಪಿಗೆಗಿಂತ ಬೆಳ್ಳಗಾಯಿತು. ಆ ಕಾಲದಲ್ಲಿ ಬಿಳಿ ಟೊಪ್ಪಿಗೆಯೆಂದರೆ ಸ್ವರಾಜ್ಯದವರದು, ಅದನ್ನು ಕಂಡರೆ ಸರಕಾರಕ್ಕೆ ಕಣ್ಣುರಿ. ಇಪ್ಪತ್ತು ಹುಡುಗರ ತಲೆಯ ಮೇಲೆ ಬಿಳಿ ಟೊಪ್ಪಿಗೆ ಇಟ್ಟು ಸರಕಾರದ ಅಧಿಕಾರಿಯನ್ನು ಎದುರುಗೊಂಡರೆ ನೌಕರಿಯ ಗತಿಯೇನು?

ಆಗ ಅವರು ನಮ್ಮ ಮನೆಗೆ ಬಂದರು. ಬಣ್ಣ ಹಾಕುವುದರಲ್ಲಿ ಆಯಿಯದು ಪಳಗಿದ ಕೈ ಎಂದು ಯಾರೋ ಹೇಳಿದ್ದರು. ಆಯಿಯ ತವರು ದಡ್ಡಿ ಎಂಬ ಊರು. ಅಲ್ಲಿ ಅವಳ ಮನೆಯವರು ನೂಲಿಗೆ ಬಣ್ಣ ಹಾಕುತ್ತಿದ್ದರಂತೆ. ಹೆಡ್‌ಮಾಸ್ತರರು ಪಡಸಾಲೆಯ ತುದಿಯಲ್ಲಿ ಕೂತು ಸಂಕೋಚದಿಂದ ವಿಷಯ ಹೇಳಿದರು.

ಆಯಿ ಎಲ್ಲ ಕೇಳಿಸಿಕೊಂಡು, "ಮಾಸ್ತರ, ತಲಿ ಮ್ಯಾಲಿಂದು ಹಂಗಿರ್ಲಿ, ತಲಿ ಒಳಗ ಏನರ ಹಾಕೀರೇನು?" ಎಂದಳು.

"ಅದನ್ನೂ ಹಾಕಾಕತ್ತೇನ್ರಿ," ಎಂದರು ಅವರು. "ಇದೊಂದ ಕರೇದು ಮಾಡಿ ಕೊಡ್ರಿ. ಎಂಟ ದಿವಸದಾಗ ಆಗಬೇಕ್ರಿ."

"ಎಂಟ ದಿನದಾಗ ಕರೇ ಬಣ್ಣ ಆಗೂದಿಲ್ರಿ. ಹದಿನೈದ ದಿನ ಬೇಕು."

"ದಿಪೋಟಿ ಸಾಹೇಬ್ರು ಬಣ್ಣ ಆಗೂತನಕ ಕುಂದ್ರೂದಿಲ್ರಿ, ಆಯೀ."

ಅವರು 'ಆಯೀ' ಎಂದದ್ದಕ್ಕೆ ಆಯಿ ಕರಗಿದಳು. ಹಿತ್ತಲಿನಲ್ಲಿ ದೊಡ್ಡ ಮಡಕೆಗೆ ನೀರು ತುಂಬಿ, ಎತ್ತಿನ ಹಳೆಯ ಲಾಳ, ತುಕ್ಕು ಹಿಡಿದ ಕುಡುಗೋಲು, ಮುರಿದ ಮೊಳೆಗಳನ್ನೆಲ್ಲ ಹಾಕಿದಳು. ಅದಕ್ಕೆ ಬೆಲ್ಲ ಕೂಡಿಸಿ ಹುಳಿ ಬರಿಸಿದರೆ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ. ಅಳಲೆಕಾಯಿಯ ಕಷಾಯದಲ್ಲಿ ನೆನೆಸಿದ ಬಟ್ಟೆಯನ್ನು ಆ ನೀರಿಗೆ ಅದ್ದಿದರೆ ಕಾಗೆಯಂಥ ಕಪ್ಪು, ಎಷ್ಟು ಒಗೆದರೂ ಹೋಗದು. ಬೇಗ ಹುಳಿ ಬರಲೆಂದು ದಿನಕ್ಕೊಂದು ದೊಡ್ಡ ಹೆಂಟೆ ಬೆಲ್ಲ ಹಾಕಿ ಕೋಲಿನಿಂದ ತಿರುವಬೇಕಿತ್ತು. ಆಯಿಗೆ ಸೊಂಟನೋವು. ಆ ಕೆಲಸವನ್ನು ನನಗೆ ಒಪ್ಪಿಸಿದಳು.

ಇಲ್ಲಿಂದ ಮುಂದಿನದನ್ನು ಹೇಳುವಾಗ ನನಗೆ ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ. ಅದು ನಮ್ಮ ಹೊಲದ ಕಬ್ಬಿನ ಹೊಸ ಬೆಲ್ಲ, ಬಂಗಾರದ ಬಣ್ಣದ್ದು. ಮೊದಲ ದಿನ ಹೆಂಟೆಯ ಒಂದು ಮೂಲೆಯನ್ನಷ್ಟೇ ಕಡಿದೆ. ಎರಡನೆಯ ದಿನ ಕಾಕಾನ ಮಗ ಬಂದು ನಿಂತುದರಿಂದ ಅರ್ಧ ಹೋಯಿತು. ಮೂರನೆಯ ದಿನ ಅವನು, "ಲಾಳಕ್ಕ ಏನ ರುಚಿ ಗೊತ್ತಾಗತೈತಿ?" ಎಂದು ಕೇಳಿದ. ಅಂದಿನಿಂದ ಮಡಕೆಗೆ ಕೋಲು ಮಾತ್ರ ಹೋಯಿತು, ಬೆಲ್ಲ ನಮ್ಮ ಹೊಟ್ಟೆಗೆ ಹೋಯಿತು.

ಎಂಟನೆಯ ದಿನ ಆಯಿ ಟೊಪ್ಪಿಗೆಗಳನ್ನು ಅದ್ದಿ ತೆಗೆದಳು. ಹೊಳೆಯ ದಂಡೆಯ ಕೆಸರಿನಲ್ಲಿ ಹೊರಳಿದ ಎಮ್ಮೆಕರುವಿನ ಬಣ್ಣ ಬಂದಿತ್ತು. ಆಯಿ ಲಾಳವನ್ನು ಎತ್ತಿ ತಿರುಗಿಸಿ ನೋಡಿದಳು, ಮೂಸಿದಳು. "ಈಗಿನ ಕಬ್ಬಿಣದಾಗ ಕಸುವ ಇಲ್ಲ," ಎಂದು ಲಾಳಕ್ಕೆ ಬೈದಳು. ನಾನು ಬಾಯಿ ಒರೆಸಿಕೊಂಡು ಹೌದೆಂದೆ. ಮರುದಿನ ಕುಲಗೋಡದಲ್ಲಿ ನಮ್ಮ ನೆಂಟರ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಬಂದು ಮತ್ತೊಮ್ಮೆ ಅದ್ದಿ ನೋಡುತ್ತೇನೆಂದು ಹೇಳಿ ಆಯಿ ಚಕ್ಕಡಿ ಹತ್ತಿದಳು. ದಿಪೋಟಿ ಬರಲು ಉಳಿದದ್ದು ಅದೊಂದೇ ದಿನ.

ಆಗ ನನಗೆ ಶಾಲೆಯ ಹಲಗೆಯ ನೆನಪಾಯಿತು. ಹಲಗೆ ಬೆಳ್ಳಗಾದಾಗಲೆಲ್ಲ ಇದ್ದಲು ಅರೆದು, ಹಸಿ ಎಲೆಯ ರಸ ಕೂಡಿಸಿ ಬಳಿದು ಕಪ್ಪು ಮಾಡುತ್ತಿದ್ದವರು ನಾವೇ. ಹಲಗೆಗೆ ಆಗುವುದು ಟೊಪ್ಪಿಗೆಗೆ ಏಕೆ ಆಗಬಾರದು? ಕಾಕಾನ ಮಗನೂ ನಾನೂ ಕೂತು ಮಧ್ಯಾಹ್ನದವರೆಗೆ ಇದ್ದಲು ಅರೆದೆವು. ಗಂಜಿ ಬೆರೆಸಿ ಇಪ್ಪತ್ತೂ ಟೊಪ್ಪಿಗೆಗೆ ಬಳಿದು ಬಿಸಿಲಿಗಿಟ್ಟೆವು. ಒಣಗಿದ ಮೇಲೆ ಅವು ಮಿರಮಿರ ಮಿಂಚಿದವು. ಸಂಜೆ ಬಂದ ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಬಿಸಲಾಗ ಬಣ್ಣ ಏರೇತಿ ನೋಡ," ಎಂದು ಹಿಗ್ಗಿದಳು. ಹೆಡ್‌ಮಾಸ್ತರರು ಒಂದೊಂದನ್ನೇ ಎಣಿಸಿ ತೆಗೆದುಕೊಂಡು, ಆಯಿಗೆ ಎರಡೂ ಕೈ ಮುಗಿದು ಹೋದರು.

ಮರುದಿನ ಬೆಳಗಿನಿಂದ ಊರ ಅಗಸೆಬಾಗಿಲಿನ ಹೊರಗೆ, ಗೋಕಾಕದ ದಾರಿಯ ಎರಡೂ ಬದಿಗೆ ನಮ್ಮನ್ನು ನಿಲ್ಲಿಸಿದರು. ಒಂದು ಬದಿಗೆ ಕರಿ ಟೊಪ್ಪಿಗೆಯ ಹುಡುಗರು, ಇನ್ನೊಂದು ಬದಿಗೆ ಸಣ್ಣ ಮಕ್ಕಳು, ಅವರ ಹಿಂದೆ ನಾವು ನಾಲ್ವರು. ಹೆಡ್‌ಮಾಸ್ತರರು ಸಾಲಿನ ಉದ್ದಕ್ಕೂ ತಿರುಗಾಡಿ ಮುಳ್ಳಿನ ಗುಂಡಿಗಳನ್ನು ನೆಟ್ಟಗೆ ಮಾಡಿದರು. ಹೊತ್ತು ಏರಿತು. ಸಾಹೇಬರು ಬರಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ದೂರದಲ್ಲಿ ಟಾಂಗಾದ ಧೂಳು ಕಂಡಿತು.

"ಸ್ವಾಗತ ಪದ್ಯ ಹೇಳ್ರಿ!" ಎಂದು ಹೆಡ್‌ಮಾಸ್ತರರು ಕೈ ಎತ್ತಿದರು.

ಹುಡುಗರು ಬಾಯಿ ತೆರೆದು ಹಾಡಿದರು. ಅಷ್ಟರಲ್ಲಿ ಬೆವರಿನ ಮೊದಲ ಹನಿ ಇಳಿಯಿತು. ಕಾಕಾನ ಮಗನ ಹಣೆಯಿಂದ ಹೊರಟ ಕಪ್ಪು ಗೆರೆಯೊಂದು ಮೂಗಿನ ಗುಂಟ ಬಂದು ತುಟಿ ಮುಟ್ಟಿತು. ಅವನು ನಾಲಿಗೆಯಿಂದ ಒರೆಸಿಕೊಂಡು ಹಾಡು ಮುಂದುವರಿಸಿದ. ಆಮೇಲೆ ಇಪ್ಪತ್ತೂ ತಲೆಗಳಿಂದ ಕಪ್ಪು ಬೆವರು ಇಳಿಯತೊಡಗಿತು. ಕೈಯಿಂದ ಒರೆಸಿಕೊಂಡವರ ಮುಖವೆಲ್ಲ ಮಸಿಯಾಯಿತು. ಹಣೆಯ ವಿಭೂತಿ, ಮಸಿ ಎರಡೂ ಕಲೆತು ಹುಡುಗರು ಹುಲಿವೇಷದವರಂತೆ ಕಂಡರು. ಟಾಂಗಾದ ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು.

ದಿಪೋಟಿ ಸಾಹೇಬರು ದಪ್ಪ ಮೈಯವರು, ಕೆಂಪು ರುಮಾಲಿನವರು. ಕೆಳಗಿಳಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ಏನ ಮಾಸ್ತರ, ಇವು ಹುಡುಗೂರೋ ಕರಡಿ ಮರಿಗಳೋ?"

ಹೆಡ್‌ಮಾಸ್ತರರು ಗಾಬರಿಯಿಂದ ತಮ್ಮ ಕೋಟಿನ ತೋಳಿನಲ್ಲೇ ಒಬ್ಬನ ಕೆನ್ನೆ ಒರೆಸಿದರು. ಕೆನ್ನೆಯೂ ಕಪ್ಪಾಯಿತು, ತೋಳೂ ಕಪ್ಪಾಯಿತು. ಕಣ್ಣು ಉರಿಯಿತೆಂದು ಕಾಕಾನ ಮಗ ಟೊಪ್ಪಿಗೆ ತೆಗೆದು ಕೊಡವಿದ. ಮಸಿ ಉದುರಿ, ಆಯಿಯ ಬಣ್ಣವೂ ಹತ್ತದ ಹೊಲಿಗೆಯ ಮಡಿಕೆಗಳಲ್ಲಿ ಬಿಳಿಯ ಬಟ್ಟೆ ಇಣುಕಿತು.

ಸಾಹೇಬರು ಅದನ್ನು ಕೈಗೆ ತೆಗೆದುಕೊಂಡರು. "ಇದು ಬಿಳೇ ಟೊಪ್ಪಿಗಿ!"

"ಅಲ್ರಿ ಸಾಹೇಬ್ರ, ಕರೇದ್ರಿ," ಎಂದರು ಹೆಡ್‌ಮಾಸ್ತರರು. "ಬೆವರ ಬರೂತನಕಾ ಕರೇದ ಇತ್ರಿ."

ನಾವು ನಾಲ್ವರು ಹುಡುಗಿಯರೂ ಬಾಯಿಗೆ ಪರಕಾರದ, ಅಂದರೆ ಲಂಗದ, ತುದಿ ಒತ್ತಿಕೊಂಡು ನಗುತ್ತಿದ್ದೆವು. ಸಾಹೇಬರು ನಗಲಿಲ್ಲ. "ಯಾರ ಮಾಡಿದ್ದಿದು?" ಎಂದು ಗದರಿದರು. ಹೆಡ್‌ಮಾಸ್ತರರು ಆಯಿಯ ಹೆಸರು ಹೇಳುತ್ತಾರೆಂದು ನಾನು ಕಾದೆ. ಅವರು, "ತಪ್ಪು ನಂದ ಐತ್ರಿ," ಎಂದರು. ಅವರ ಬೆರಳುಗಳು ಕೋಟಿನ ಗುಂಡಿಯೊಂದನ್ನು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದವು. ಅದನ್ನು ನೋಡಿದ ಮೇಲೆ ನನಗೆ ನಗು ಬರಲಿಲ್ಲ.

ಸಣ್ಣ ಮಕ್ಕಳನ್ನು ಸರಿಸಿ ಮುಂದೆ ಹೋಗಿ ನಿಂತೆ. "ನಾ ಮಾಡಿದ್ರಿ. ಬೆಲ್ಲಾ ತಿಂದಬಿಟ್ಟೇರಿ. ಅದಕ್ಕ ಇದ್ದಲಿ ಬಳದೇರಿ."

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಬೆಲ್ಲಕ್ಕೂ ಟೊಪ್ಪಿಗೆಗೂ ಏನು ಸಂಬಂಧವೆಂದು ಕೇಳಿದರು. ನಾನು ಅಳುತ್ತಲೇ ಎಲ್ಲ ಹೇಳಿದೆ: ಲಾಳ ಎಷ್ಟು, ನೀರು ಎಷ್ಟು, ಬೆಲ್ಲ ಏಕೆ, ಹುಳಿ ಬಂದಿದೆಯೆಂದು ವಾಸನೆಯಿಂದ ಹೇಗೆ ತಿಳಿಯಬೇಕು, ಅಳಲೆಕಾಯಿಯನ್ನು ಬೀಜ ತೆಗೆದೇ ಏಕೆ ಕುದಿಸಬೇಕು. ಅಳು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ.

"ಇದನ್ನ ಸಾಲ್ಯಾಗ ಕಲಿಸ್ಯಾರೇನು?"

"ಇಲ್ರಿ, ಹಿತ್ತಲದಾಗ ಕಲತೇರಿ."

ಆಗ ಅವರ ಮೀಸೆ ಅಲುಗಿತು. ಮೊದಲು ಎಲ್ಲರೂ ಬಾವಿಗೆ ಹೋಗಿ ಮುಖ ತೊಳೆದು ಬರಲೆಂದರು. ಪರೀಕ್ಷೆಯನ್ನು ಬರಿದಲೆಯ ಹುಡುಗರಿಗೇ ತೆಗೆದುಕೊಂಡರು. ಲೆಕ್ಕ, ಶುದ್ಧಬರಹ, ಭೂಗೋಳ ಎಲ್ಲ ಚೆನ್ನಾಗಿಯೇ ನಡೆಯಿತು. ಹೊರಡುವಾಗ ಸಾಹೇಬರು ಹೆಡ್‌ಮಾಸ್ತರರನ್ನು ಕರೆದು, "ಕರೇ ಟೊಪ್ಪಿಗಿ ಇಲ್ಲದಿದ್ರ ಹುಡುಗೂರ್ನ ಹೊರಗ ನಿಲ್ಲಸ್ರಿ ಅಂತ ಯಾವ ಹುಕುಮಿನ್ಯಾಗ ಐತಿ? ನಂಗ ತೋರಸ್ರಿ," ಎಂದರು. ಹೆಡ್‌ಮಾಸ್ತರರ ಬಳಿ ತೋರಿಸಲು ಏನೂ ಇರಲಿಲ್ಲ. ಆ ಕಾಯದೆ ಪೂರ್ತಿಯಾಗಿ ಅವರದೇ ಆಗಿತ್ತು.

ಆ ದಿನ ಸಂಜೆ ಹೆಡ್‌ಮಾಸ್ತರರು ಟೊಪ್ಪಿಗೆಗಳ ಗಂಟು ಹೊತ್ತುಕೊಂಡು ಮತ್ತೆ ನಮ್ಮ ಮನೆಗೆ ಬಂದರು. ನನ್ನ ಕಥೆ ಆಯಿಗೆ ಅಷ್ಟರಲ್ಲಿ ತಲುಪಿತ್ತು. ಅವಳು ಹೊಡೆಯಲಿಲ್ಲ. ಯುಗಾದಿಯವರೆಗೆ ನನಗೆ ಬೆಲ್ಲ ಬಂದ್ ಎಂದಷ್ಟೇ ಹೇಳಿದ್ದಳು. ಹೊಡೆದಿದ್ದರೇ ಚೆನ್ನಾಗಿತ್ತು. ಹೆಡ್‌ಮಾಸ್ತರರನ್ನು ಕಂಡು ಎದ್ದು ನಿಂತು, "ನಮ್ಮ ಹುಡಿಗಿ ನಿಮ್ಮ ಮಾನಾ ಕಳದ್ಲರಿ," ಎಂದಳು.

"ಮಾನ ಹಂಗ ಹೋಗೂದಲ್ರಿ ಅದು. ಹದಿನೈದ ದಿನ ಆಗಲಿ, ಪಕ್ಕಾ ಬಣ್ಣ ಹಾಕೂಣ್ರಿ," ಎಂದು ಅವರು ಮೊದಲ ಬಾರಿಗೆ ಕೋಟು ಕಳಚಿದರು. ಗೂಟಕ್ಕೆ ನೇತುಹಾಕಿ, ಮಡಕೆಯ ಮುಂದೆ ಕೂತು ಕೋಲು ಹಿಡಿದರು. ಕೋಟಿನೊಳಗಿನ ಅಂಗಿಗೆ ತೇಪೆಗಳಿದ್ದವು.

ಆಯಿ ಅದನ್ನು ನೋಡಿಯೂ ನೋಡದಂತೆ ಕೇಳಿದಳು. "ಟೊಪ್ಪಿಗಿ ಮ್ಯಾಲ ಇಷ್ಟ್ಯಾಕ ಜೀವಾರಿ ನಿಮಗ?"

ಅವರು ಕೋಲು ತಿರುವುತ್ತಲೇ ಹೇಳತೊಡಗಿದರು. ಹುಕ್ಕೇರಿಯ ಕಡೆಯ ಹಳ್ಳಿ ತಮ್ಮದು, ಬಡವರ ಮನೆ ಎಂದರು. ಶಾಲೆಗೆ ಹೋದಾಗ ಇವರ ತಲೆಗೆ ಹರಕು ವಸ್ತ್ರ, ಉಳಿದವರ ತಲೆಗೆ ಜರಿ ಟೊಪ್ಪಿಗೆ. ಮಾಸ್ತರರು ಟೊಪ್ಪಿಗೆ ನೋಡಿಯೇ ಯಾರು ಮುಂದೆ ಕೂರಬೇಕು, ಯಾರು ಹಿಂದೆ ಎಂದು ಹೇಳುತ್ತಿದ್ದರಂತೆ. "ಎಲ್ಲಾರ ತಲಿ ಒಂದ ನಮೂನಿ ಕಂಡ್ರ ಯಾರ ಮನಿ ಹುಡುಗ ಅಂತ ಗೊತ್ತಾಗೂದಿಲ್ಲಲ್ರಿ, ಆಯೀ. ಅದಕ್ಕ ಆ ಕಾಯದೆ ಮಾಡಿದ್ನಿ."

"ಮತ್ತ ಇಲ್ಲದವ್ರನ್ನ ಕಟ್ಟಿ ಮ್ಯಾಲ ನಿಲ್ಲಿಸಿದ್ರಲ್ಲ," ಎಂದಳು ಆಯಿ. "ಈಗ ಊರಿಗೇ ಗೊತ್ತಾಗೇತಿ, ಯಾರ ಮನ್ಯಾಗ ಇಲ್ಲಂತ."

ಕೋಲು ನಿಂತಿತು. ಬೇಕೆಂದೇ ಹಾಗೆ ಮಾಡಿದವರಲ್ಲ, ಪಾಪ; ಆ ಮಾತು ಅವರಿಗೆ ಹೊಳೆದೇ ಇರಲಿಲ್ಲ. ಆಮೇಲೆ ನನ್ನತ್ತ ತಿರುಗಿ, "ಬೆಲ್ಲಾ ತಗೊಂಬಾ. ಇಲ್ಲೇ ನನ್ನ ಮುಂದ ಹಾಕು," ಎಂದರು.

ಮರುದಿನ ಕಟ್ಟೆಯ ಮೇಲೆ ಯಾರೂ ನಿಲ್ಲಲಿಲ್ಲ. ಹದಿನೈದು ದಿನ ಹೆಡ್‌ಮಾಸ್ತರರು ಸಂಜೆಯ ಹೊತ್ತು ಬಂದು ಮಡಕೆ ತಿರುವಿ ಹೋದರು. ಅದ್ದುವ ದಿನ ತಾವೇ ತೋಳೇರಿಸಿ ಅದ್ದಿದರು. ಕಾಗೆಯಂಥ ಕಪ್ಪು ಬಂತು. ಟೊಪ್ಪಿಗೆಗಳನ್ನು ವರ್ಗದ ಗೋಡೆಯ ಗೂಟಗಳಿಗೆ ಸಿಕ್ಕಿಸಿ, ಬೇಕಾದವರು ಬೇಕಾದದ್ದು ಹಾಕಿಕೊಳ್ಳಲೆಂದು ಬಿಟ್ಟರು. ಅವರ ಕೈಗಳೂ ಮೊಣಕೈವರೆಗೆ ಕಪ್ಪಾಗಿ ಬಹಳ ದಿನ ಹಾಗೇ ಉಳಿದವು. ಬಿಳಿ ಸೀಮೆಸುಣ್ಣ ಹಿಡಿದು ಆ ಕೈ ಹಲಗೆಯ ಮೇಲೆ ಓಡಾಡಿದರೆ ಸುಣ್ಣದ ತುಂಡೊಂದೇ ತನ್ನಷ್ಟಕ್ಕೆ ಬರೆಯುತ್ತಿದ್ದಂತೆ ಕಾಣುತ್ತಿತ್ತು.

ಮೂರು ವರ್ಷ ಕಳೆಯಿತು. ನಾನು ಏಳನೆಯ ಇಯತ್ತೆಗೆ ಬಂದಾಗ ಉಳಿದ ಮೂವರು ಹುಡುಗಿಯರು ಶಾಲೆ ಬಿಟ್ಟಿದ್ದರು. ಅಪ್ಪನೂ ನನ್ನ ವಿಷಯದಲ್ಲಿ ಅದನ್ನೇ ತೀರ್ಮಾನಿಸಿದ. ಕಾರಣ ಕೇಳಿದರೆ, ನಾನು ಸೀರೆ ಉಡುವವಳಾದೆ ಎಂಬುದು. ಪರಕಾರ ಉಡುವವರಿಗೆ ಶಾಲೆ, ಸೀರೆ ಉಡುವವರಿಗೆ ಒಲೆ. ಅದು ಯಾವ ಹಲಗೆಯ ಮೇಲೂ ಬರೆಯದೆ ನಡೆದುಬಂದಿತ್ತು. ಹೆಡ್‌ಮಾಸ್ತರರು ಮನೆಗೆ ಬಂದರು.

"ಸೀರಿ ಉಟ್ಟ ಹುಡಿಗಿ ಹುಡುಗೂರ ನಡುವ ಹ್ಯಾಂಗ ಕುಂದರ್ತಾಳ್ರಿ?" ಎಂದ ಅಪ್ಪ.

"ಸೀರಿ ಉಟಕೊಂಡ ಕುಂದರ್ತಾಳ್ರಿ," ಎಂದರು ಅವರು. "ಉಳದ ಎಲ್ಲಾ ನಾ ನೋಡಕೋತೇನಿ."

ಒಳಗಿನಿಂದ ಆಯಿಯೂ ಕೆಮ್ಮಿದಳು. ಆ ಕೆಮ್ಮಿಗೆ ಅಪ್ಪ ಎದುರಾಡುತ್ತಿರಲಿಲ್ಲ.

ಆ ವರ್ಷ ಏಳನೆಯ ಇಯತ್ತೆಯ ಕೊನೆಯ ಮುಲ್ಕಿ ಪರೀಕ್ಷೆಗೆಂದು ಅವ್ವನ ಇಳಕಲ್ ಸೀರೆ ಉಟ್ಟು ಚಕ್ಕಡಿಯಲ್ಲಿ ಗೋಕಾಕಕ್ಕೆ ಹೋದೆ. ನೆರಿಗೆ ಕಾಲಿಗೆ ತೊಡರಿ ಇಳಿಯುವಾಗಲೇ ಒಮ್ಮೆ ಮುಗ್ಗರಿಸಿದೆ. ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಣೆಯ ಮಾಸ್ತರರು ನನ್ನನ್ನು ನೋಡಿ, "ಹುಡುಗೂರ ತಾಯೇರೆಲ್ಲಾ ಹೊರಗ ಗಿಡದ ನೆಳ್ಳಿಗೆ ಕುಂದರ್ರಿ," ಎಂದರು. ಹಿಂದಿನಿಂದ ಹೆಡ್‌ಮಾಸ್ತರರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದರು.

"ಆಕಿ ತಾಯಿ ಅಲ್ರಿ, ನನ್ನ ಶಿಷ್ಯಾಳ್ರಿ. ಒಳಗ ಬಿಡ್ರಿ."

ಆ ಮಾಸ್ತರರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಬದಿಗೆ ಸರಿದರು. ನಾನು ಎರಡೂ ಕೈಯಲ್ಲಿ ನೆರಿಗೆ ಎತ್ತಿ ಹಿಡಿದುಕೊಂಡು, ಹುಡುಗರ ಸಾಲು ದಾಟಿ ಹೋಗಿ ನನ್ನ ಜಾಗದಲ್ಲಿ ಕೂತೆ.